ನಾಲ್ಕನೇ ಹಂತದ ಸ್ತನ ಕ್ಯಾನ್ಸರ್: ಎಷ್ಟು ಕಾಲ ಅನ್ನೋದು ಯಾವುದರ ಮೇಲೆ ನಿಂತಿದೆ?

ಹೇಮಾವತಿ_ದಂಡೆ ಕೇಳಿದ್ದು:

ನಮ್ಮ ಅತ್ತಿಗೆಯ ವರದಿಗಳು ಕೈಯಲ್ಲಿವೆ. ವಯಸ್ಸು 44, ಮುಟ್ಟು ಇನ್ನೂ ನಿಂತಿಲ್ಲ. ಎಡ ಸ್ತನದಲ್ಲಿ 4 ಸೆಂ.ಮೀ. ಗಂಟು, ಕಂಕುಳಲ್ಲಿ ಗ್ರಂಥಿಗಳು. ಪೆಟ್ ಸಿಟಿ ಸ್ಕ್ಯಾನಿನಲ್ಲಿ ಬೆನ್ನುಮೂಳೆಯ ಡಿ9, ಎಲ್3 ಮತ್ತು ಬಲ ಸೊಂಟದ ಮೂಳೆಯಲ್ಲಿ ಮಚ್ಚೆ, ಲಿವರ್‌ನಲ್ಲಿ ಎರಡು, ದೊಡ್ಡದು 2.1 ಸೆಂ.ಮೀ. ಬಿಲಿರುಬಿನ್ ನಾರ್ಮಲ್. ಸ್ತನದ ಬಯಾಪ್ಸಿಯಲ್ಲಿ ಗ್ರೇಡ್ 2, ಇ.ಆರ್. (ಈಸ್ಟ್ರೊಜನ್ ಗ್ರಾಹಕ) 80%, ಪಿ.ಆರ್. (ಪ್ರೊಜೆಸ್ಟರಾನ್ ಗ್ರಾಹಕ) 30%, ಕೆಐ-67 (ಗಡ್ಡೆ ಬೆಳೆಯುವ ವೇಗದ ಸೂಚಕ) 28%, ಹರ್-2 (ಗಡ್ಡೆ ಬೆಳೆಸುವ ಒಂದು ಪ್ರೊಟೀನ್) "2+". ಓಡಾಟ, ಅಡುಗೆ ಎಲ್ಲ ತಾವೇ ಮಾಡಿಕೊಳ್ಳುತ್ತಾರೆ, ಬೆನ್ನುನೋವು ಒಂದು ಬಿಟ್ಟರೆ.

ಪ್ರಶ್ನೆಗಳು ಮೂರು.
1. ಬಂಧುಗಳಲ್ಲಿ ಒಬ್ಬರು "ನಾಲ್ಕನೇ ಹಂತ ಅಂದ್ರೆ ಆರು ತಿಂಗಳು" ಅಂತಾರೆ, ಇನ್ನೊಬ್ಬರು "ಈಗ ಹತ್ತು ವರ್ಷ ಇರೋರಿದಾರೆ" ಅಂತಾರೆ. ಒಂದೇ ಹಂತಕ್ಕೆ ಇಷ್ಟು ವ್ಯತ್ಯಾಸ ಯಾಕೆ? ಬದುಕಿನ ಅವಧಿಯನ್ನು ನಿಜಕ್ಕೂ ಹೆಚ್ಚು ಕಡಿಮೆ ಮಾಡುವುದು ಯಾವುದು?
2. ಮೊದಲು ಸ್ತನ ತೆಗೆಸಿಬಿಡಿ, ಬುಡವೇ ಹೋದ ಮೇಲೆ ಉಳಿದದ್ದು ಒಣಗುತ್ತದೆ ಅನ್ನುತ್ತಾರೆ ಮನೆಯವರು. ಸರಿಯೇ?
3. ಡಾಕ್ಟರು ಕೀಮೋ ಬೇಡ, ಮಾತ್ರೆ ಅಂದಿದ್ದಾರೆ. ಲಿವರ್‌ಗೆ ಹೋಗಿರುವಾಗ ಮಾತ್ರೆ ಸಾಕೆ?

ಸಮಾಧಾನದ ಮಾತು ಬೇಡ, ಲೆಕ್ಕ ಬೇಕು.

---

ಗಾಜಿನ_ಹಲ್ಲೆ (ಪೆಥಾಲಜಿ):

ಲೆಕ್ಕ ಬೇಕು ಅಂದಿರಿ, ಆದರೆ ಲೆಕ್ಕದ ಮುಖ್ಯ ಅಂಕಿಯೇ ನಿಮ್ಮ ವರದಿಯಲ್ಲಿ ಇಲ್ಲ. ಹರ್-2 "2+" ಅಂದರೆ ಪಾಸಿಟಿವ್ ಅಲ್ಲ, ನೆಗೆಟಿವ್ ಕೂಡ ಅಲ್ಲ. ತೀರ್ಮಾನ ಬಾಕಿ ಎಂದಷ್ಟೇ ಅರ್ಥ. ಅದೇ ಬಯಾಪ್ಸಿ ತುಣುಕಿನ ಬ್ಲಾಕಿನ ಮೇಲೆ ಫಿಶ್ ಪರೀಕ್ಷೆ (ಹರ್-2 ಜೀನಿನ ಪ್ರತಿಗಳನ್ನು ಎಣಿಸುವುದು) ಆಗಲೇಬೇಕು. ಹೊಸ ಬಯಾಪ್ಸಿ ಬೇಡ. ಲ್ಯಾಬಿನಲ್ಲಿ ಮೇಣದ ಬ್ಲಾಕ್ ಕೇಳಿ ಪಡೆದು, ಫಿಶ್ ಮಾಡುವ ಕಡೆ ಕೊಡಿ. (ಬಿಸಿಲಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಮಾತ್ರ ಇಡಬೇಡಿ, ಮೇಣ ಕರಗುತ್ತದೆ.)

ಇದೊಂದು ಪರೀಕ್ಷೆಗೆ ಯಾಕೆ ಇಷ್ಟು ತೂಕ ಅಂದರೆ, ನಾಲ್ಕನೇ ಹಂತದಲ್ಲಿ ಅವಧಿಯನ್ನು ಎಲ್ಲಕ್ಕಿಂತ ಹೆಚ್ಚಾಗಿ ಬೇರೆ ಮಾಡುವುದು ಗಡ್ಡೆಯ ಜಾತಿ. "ಹಂತ 4" ಎನ್ನುವುದು ರೋಗ ಎಲ್ಲಿಯವರೆಗೆ ಹೋಗಿದೆ ಎಂದು ಹೇಳುತ್ತದೆಯೇ ಹೊರತು ಅದರ ಸ್ವಭಾವ ಏನು ಎಂದು ಹೇಳುವುದಿಲ್ಲ. ಹಾರ್ಮೋನ್ ಪಾಸಿಟಿವ್, ಹರ್-2 ಪಾಸಿಟಿವ್, ಟ್ರಿಪಲ್ ನೆಗೆಟಿವ್ (ಇ.ಆರ್., ಪಿ.ಆರ್., ಹರ್-2 ಮೂರೂ ಇಲ್ಲದ್ದು) ಈ ಮೂರೂ ಹೆಚ್ಚುಕಡಿಮೆ ಮೂರು ಬೇರೆ ರೋಗಗಳು. ನಿಮ್ಮ ಬಂಧುಗಳಿಬ್ಬರೂ ಬಹುಶಃ ಬೇರೆ ಬೇರೆ ಜಾತಿಯ ರೋಗಿಗಳನ್ನು ನೋಡಿ ಮಾತಾಡುತ್ತಿದ್ದಾರೆ.

ಅಂಕಿ ಕೊಡುತ್ತೇನೆ. ಹರ್-2 ಪಾಸಿಟಿವ್ ರೋಗಿಗಳ ಕ್ಲಿಯೋಪಾತ್ರ ಅಧ್ಯಯನದಲ್ಲಿ ಡೋಸಿಟಾಕ್ಸೆಲ್ (ಕೀಮೋ), ಟ್ರಾಸ್ಟುಜುಮಾಬ್ (ಹರ್-2 ತಡೆಯುವ ಔಷಧಿ) ಜೊತೆ ಅದೇ ಬಗೆಯ ಪರ್ಟುಜುಮಾಬ್ ಪಡೆದವರ ಮೀಡಿಯನ್ (ಅರ್ಧ ಜನ ದಾಟುವ) ಅವಧಿ 57.1 ತಿಂಗಳು, ಪರ್ಟುಜುಮಾಬ್ ಇಲ್ಲದವರದು 40.8. ಎಂಟು ವರ್ಷದ ನಂತರವೂ ಮೊದಲ ಗುಂಪಿನಲ್ಲಿ 37% ಜನ ಇದ್ದರು. ಟ್ರಾಸ್ಟುಜುಮಾಬ್ ಬರುವ ಮುಂಚೆ ಇದೇ ಹರ್-2 ಅತ್ಯಂತ ಕೆಟ್ಟ ಜಾತಿಗಳಲ್ಲೊಂದು ಎನಿಸಿತ್ತು. ಟ್ರಿಪಲ್ ನೆಗೆಟಿವ್‌ನಲ್ಲಿ ಪರಿಸ್ಥಿತಿ ಕಷ್ಟದ್ದೇ: ಪಿಡಿ-ಎಲ್1 (ರೋಗನಿರೋಧಕ ಶಕ್ತಿಯನ್ನು ತಡೆಯುವ ಪ್ರೊಟೀನ್) ಅಂಕ 10 ಅಥವಾ ಹೆಚ್ಚಿದ್ದವರಿಗೆ ಕೀಮೋ ಜೊತೆ ಪೆಂಬ್ರೊಲಿಜುಮಾಬ್ (ಆ ತಡೆ ತೆಗೆಯುವ ಔಷಧಿ) ಕೊಟ್ಟಾಗ ಮೀಡಿಯನ್ 23 ತಿಂಗಳು, ಕೀಮೋ ಮಾತ್ರ ಆದರೆ 16.1. ನಮ್ಮಲ್ಲಿ ಟ್ರಿಪಲ್ ನೆಗೆಟಿವ್ ಪಾಲು ಪಶ್ಚಿಮದ ದೇಶಗಳಿಗಿಂತ ಹೆಚ್ಚು. "ಆರು ತಿಂಗಳು" ಎಂಬ ಮಾತು ಊರೂರಲ್ಲಿ ಉಳಿದಿರುವುದಕ್ಕೆ ಅದೂ ಒಂದು ಕಾರಣ ಇರಬಹುದು.

ಇನ್ನು ವರದಿಯನ್ನು ಎಷ್ಟು ನಂಬಬಹುದು? ಇ.ಆರ್. 80% ಬಂದಿದೆ, ಆ ಬಗ್ಗೆ ಚಿಂತೆ ಇಲ್ಲ. ಆದರೆ ಇದನ್ನು ಓದುವ ಬೇರೆಯವರಿಗಾಗಿ ಬರೆಯುತ್ತೇನೆ, ಏಕೆಂದರೆ ಸುಳ್ಳು "ನೆಗೆಟಿವ್" ಬಂದರೆ ಕೆಲಸ ಮಾಡುವ ಔಷಧಿಯೇ ರೋಗಿಗೆ ತಪ್ಪಿಹೋಗುತ್ತದೆ. ತುಣುಕು ಹೊರಗೆ ಬಂದ ಒಂದು ಗಂಟೆಯೊಳಗೆ 10% ನ್ಯೂಟ್ರಲ್ ಬಫರ್ಡ್ ಫಾರ್ಮಲಿನ್‌ಗೆ ಬೀಳಬೇಕು, ಅದರಲ್ಲಿ ಕನಿಷ್ಠ 6 ಗಂಟೆ, ಗರಿಷ್ಠ 72 ಗಂಟೆ ಇರಬೇಕು. ಫಾರ್ಮಲಿನ್ ತುಣುಕಿನ ಹತ್ತು ಪಟ್ಟಾದರೂ ಇರಲಿ. ಎಡವಟ್ಟು ಆಗುವುದು ಹೀಗೆ: ಶನಿವಾರ ಸಂಜೆ ಇಡೀ ಗಂಟನ್ನೇ ತೆಗೆದು, ಸಣ್ಣ ಬಾಟಲಿಯಲ್ಲಿ ತುರುಕಿ, ಮೇಲಷ್ಟೇ ಮುಳುಗುವ ಹಾಗೆ ಫಾರ್ಮಲಿನ್ ಸುರಿದು ಸೋಮವಾರ ಕಳಿಸುತ್ತಾರೆ. ಹೊರಭಾಗ ಗಟ್ಟಿಯಾಗಿರುತ್ತದೆ, ಒಳಭಾಗ ಕೊಳೆತಿರುತ್ತದೆ, ಇ.ಆರ್. ಹಿಡಿಯುವುದಿಲ್ಲ. ಅದಕ್ಕೇ ಗಂಟು ತೆಗೆಸುವ ಮೊದಲು 14 ಗೇಜ್ ಸೂಜಿಯಿಂದ ಕೋರ್ ಬಯಾಪ್ಸಿ, ನಾಲ್ಕಾರು ಎಳೆ. ಎಫ್.ಎನ್.ಎ.ಸಿ. (ಸಣ್ಣ ಸೂಜಿಯಿಂದ ಬಿಡಿ ಜೀವಕೋಶ ಎಳೆಯುವುದು) ಒಂದೇ ಸಾಲದು. ಇ.ಆರ್. ನೆಗೆಟಿವ್ ಎಂದು ಬಂದರೆ ಒಂದು ಪ್ರಶ್ನೆ ಕೇಳಿ: ಅದೇ ಸ್ಲೈಡಿನಲ್ಲಿರುವ ನಾರ್ಮಲ್ ನಾಳಗಳು ಬಣ್ಣ ಹಿಡಿದಿವೆಯೇ? ಅವೂ ಹಿಡಿದಿಲ್ಲ ಅಂದರೆ ಪರೀಕ್ಷೆ ಕೆಟ್ಟಿದೆ, ರೋಗಿ ನೆಗೆಟಿವ್ ಅಲ್ಲ.

ಸಾಧ್ಯವಿದ್ದರೆ ಹರಡಿದ ಜಾಗದಿಂದಲೂ ಒಂದು ಬಯಾಪ್ಸಿ ಆಗಲಿ. ಮೂಲ ಗಡ್ಡೆ ಮತ್ತು ಹರಡಿದ ಗಡ್ಡೆಯ ನಡುವೆ ಇ.ಆರ್. ಸುಮಾರು ಐದರಲ್ಲೊಬ್ಬರಿಗೆ, ಹರ್-2 ಹತ್ತರಲ್ಲೊಬ್ಬರಿಗೆ ಬೇರೆ ಬರುತ್ತದೆ. ಈ ವ್ಯತ್ಯಾಸ ವರ್ಷಗಳ ನಂತರ ಮರುಕಳಿಸಿದವರಲ್ಲಿ ಹೆಚ್ಚು ಮುಖ್ಯ, ನಿಮ್ಮವರ ಹಾಗೆ ಮೊದಲ ಪತ್ತೆಯಲ್ಲೇ ಹರಡಿದ್ದವರಲ್ಲಿ ಸ್ವಲ್ಪ ಕಡಿಮೆ. ತೆಗೆಯುವುದಾದರೆ ಮೂಳೆಗಿಂತ ಲಿವರ್ ಮೇಲು. ಮೂಳೆಯ ತುಣುಕನ್ನು ಮೆದುಗೊಳಿಸಲು ಆ್ಯಸಿಡ್ ಬಳಸಿದರೆ ಹರ್-2 ಮತ್ತು ಡಿ.ಎನ್.ಎ. ಎರಡೂ ಹಾಳಾಗುತ್ತವೆ. ಮೂಳೆಯೇ ಗತಿ ಅಂದರೆ "ಇ.ಡಿ.ಟಿ.ಎ.ಯಲ್ಲಿ ಮಾಡಿ" (ಆ್ಯಸಿಡ್ ಬದಲು ಬಳಸುವ ಸೌಮ್ಯ ದ್ರಾವಣ) ಎಂದು ಮೊದಲೇ ಚೀಟಿಯಲ್ಲಿ ಬರೆಸಿ. ಎದೆಯ ನಡುವಿನ ಗ್ರಂಥಿ ಮಾತ್ರ ಪೆಟ್‌ನಲ್ಲಿ ಹೊಳೆದಿದೆ ಎಂದು ಯಾರನ್ನೂ ನಾಲ್ಕನೇ ಹಂತಕ್ಕೆ ಹಾಕಬಾರದು. ನಮ್ಮ ದೇಶದಲ್ಲಿ ಅದು ಟಿ.ಬಿ. ಆಗಿರಬಹುದು. ನಿಮ್ಮ ಕೇಸಿಗೆ ಇದು ಅನ್ವಯಿಸುವುದಿಲ್ಲ.

---

ಬೆಟ್ಟದ_ನೆಲ್ಲಿ (ಮೆಡಿಕಲ್ ಆಂಕಾಲಜಿ):

ಮೇಲಿನವರು ಜಾತಿಯ ಮಾತು ಹೇಳಿದ್ದಾರೆ. ಜಾತಿಯ ನಂತರ ಎಣಿಕೆಗೆ ಬರುವವು ಇವು, ಪ್ರಾಮುಖ್ಯದ ಕ್ರಮದಲ್ಲೇ ಹೇಳುತ್ತೇನೆ ಎಂದಲ್ಲ.

ಎಲ್ಲಿ ಹರಡಿದೆ: ಮೂಳೆ ಮಾತ್ರ ಆಗಿದ್ದರೆ ಎಲ್ಲಕ್ಕಿಂತ ಒಳ್ಳೆಯದು. ಲಿವರ್ ಸೇರಿದರೆ ಅವಧಿ ತಗ್ಗುತ್ತದೆ, ಮೆದುಳು ಸೇರಿದರೆ ಇನ್ನೂ ತಗ್ಗುತ್ತದೆ. ಎಷ್ಟು ಅಂಗ ಎನ್ನುವುದೂ ಲೆಕ್ಕ, ಪ್ರತಿ ಅಂಗದಲ್ಲಿ ಎಷ್ಟು ಹೊರೆ ಎನ್ನುವುದೂ ಲೆಕ್ಕ. 2 ಸೆಂ.ಮೀ.ನ ಎರಡು ಮಚ್ಚೆಗೂ ಅರ್ಧ ಲಿವರ್ ತುಂಬಿದ್ದಕ್ಕೂ ತುಂಬ ದೂರ.

ಮೊದಲೇ ಹರಡಿದ್ದೋ, ಮರುಕಳಿಸಿದ್ದೋ: ಕೇಳಿದರೆ ಅಚ್ಚರಿ ಅನಿಸುತ್ತದೆ, ಆದರೆ ಮೊದಲ ಪತ್ತೆಯಲ್ಲೇ ನಾಲ್ಕನೇ ಹಂತ ಇದ್ದವರು, ಚಿಕಿತ್ಸೆ ಮುಗಿದ ಎರಡು ವರ್ಷದೊಳಗೆ ಮರುಕಳಿಸಿದವರಿಗಿಂತ ಹೆಚ್ಚು ಕಾಲ ಇರುತ್ತಾರೆ. ಕಾರಣ ಸರಳ. ಇವರ ಗಡ್ಡೆ ಇನ್ನೂ ಯಾವ ಔಷಧಿಯನ್ನೂ ನೋಡಿಲ್ಲ. ಹಾರ್ಮೋನ್ ಮಾತ್ರೆ ನುಂಗುತ್ತಿರುವಾಗಲೇ, ಅದೂ ಮೊದಲ ಎರಡು ವರ್ಷದಲ್ಲೇ ಬಂದ ಗಡ್ಡೆ ಆ ಮಾತ್ರೆಯನ್ನು ದಾಟಲು ಕಲಿತಿರುತ್ತದೆ.

ದೇಹದ ಶಕ್ತಿ: ತಮ್ಮ ಕೆಲಸ ತಾವು ಮಾಡಿಕೊಳ್ಳುವವರು, ತೂಕ ಮತ್ತು ಆಲ್ಬುಮಿನ್ ಇಳಿಯದವರು, ರಕ್ತದಲ್ಲಿ ಎಲ್.ಡಿ.ಎಚ್. ಎಂಬ ಎಂಜೈಮ್ ಏರದವರು ಸ್ಪಷ್ಟವಾಗಿ ಹೆಚ್ಚು ಕಾಲ ಇರುತ್ತಾರೆ. ಅತ್ತಿಗೆಯವರ ಪರವಾಗಿ ಇರುವ ದೊಡ್ಡ ಅಂಶ ಇದು.

ಅಂಕಿ: ಮುಟ್ಟು ನಿಲ್ಲದ 672 ಮಹಿಳೆಯರ ಮೇಲಿನ ಮೊನಾಲೀಸಾ-7 ಅಧ್ಯಯನದಲ್ಲಿ ಹಾರ್ಮೋನ್ ಚಿಕಿತ್ಸೆಗೆ ರೈಬೋಸಿಕ್ಲಿಬ್ (ಜೀವಕೋಶ ವಿಭಜನೆ ತಡೆಯುವ ಮಾತ್ರೆ) ಸೇರಿಸಿದಾಗ ಮೀಡಿಯನ್ 58.7 ತಿಂಗಳು, ಸೇರಿಸದಿದ್ದಾಗ 48. ಮೀಡಿಯನ್ ಅಂದರೆ ಎಲ್ಲರೂ ಆ ದಿನಕ್ಕೆ ಹೋಗುತ್ತಾರೆ ಎಂದಲ್ಲ, ಅರ್ಧ ಜನ ಅದಕ್ಕೂ ಆಚೆ ಇರುತ್ತಾರೆ ಎಂದು. ಆದರೆ ಈ ಅಂಕಿಯನ್ನು ಹಾಗೇ ಎತ್ತಿ ಅತ್ತಿಗೆಯವರ ಮೇಲೆ ಹೊದಿಸಬೇಡಿ. ಅಧ್ಯಯನಕ್ಕೆ ಆಯ್ಕೆಯಾದವರು ಗಟ್ಟಿಮುಟ್ಟಾಗಿದ್ದರು, ಔಷಧಿ ತಪ್ಪದೆ ಸಿಗುತ್ತಿತ್ತು, ಅವರಲ್ಲಿ ಮೂಳೆ ಮಾತ್ರ ಇದ್ದವರೂ ಇದ್ದರು. ಹರ್-2 ನೆಗೆಟಿವ್ ಬಂದರೆ "ಆರು ತಿಂಗಳು" ಎನ್ನುವುದಕ್ಕೆ ಆಧಾರವಿಲ್ಲ, ವರ್ಷಗಳಲ್ಲಿ ಮಾತಾಡಬೇಕಾದ ರೋಗ ಇದು. ಅದಕ್ಕಿಂತ ನಿಖರವಾಗಿ ಈಗಲೇ ಹೇಳುವವರನ್ನು ನಂಬಬೇಡಿ. ಮೊದಲ ಆರು ತಿಂಗಳು ಔಷಧಿಗೆ ರೋಗ ಹೇಗೆ ಬಗ್ಗುತ್ತದೆ ಎನ್ನುವುದು ಈಗಿರುವ ಯಾವ ವರದಿಗಿಂತಲೂ ಹೆಚ್ಚು ಹೇಳುತ್ತದೆ. ಅಷ್ಟರೊಳಗೇ ಬೆಳೆದರೆ ಅದು ಮಾತ್ರೆಗೆ ಬಗ್ಗದ ರೋಗ.

ಮೂರನೇ ಪ್ರಶ್ನೆ: ಲಿವರ್‌ಗೆ ಹೋಗಿದೆ ಎಂದ ಮಾತ್ರಕ್ಕೆ ಕೀಮೋ ಬೇಕಿಲ್ಲ. ಕೀಮೋಗೆ ಓಡಬೇಕಾದದ್ದು ಅಂಗ ಕೈಕೊಡುತ್ತಿರುವಾಗ: ಪಿತ್ತನಾಳದ ಅಡಚಣೆ ಇಲ್ಲದೆಯೂ ಬಿಲಿರುಬಿನ್ ಒಂದೂವರೆ ಪಟ್ಟು ಮೀರಿ ಏರುತ್ತಿರುವುದು, ಕುಳಿತಲ್ಲೇ ಉಬ್ಬಸ ಬಂದು ನೀರು ತೆಗೆದರೂ ಇಳಿಯದಿರುವುದು, ಇಂಥವು. ಹಾಗೆ ಜೋರಾಗಿದ್ದವರಲ್ಲೂ ರೈಟ್ ಚಾಯ್ಸ್ ಎಂಬ 222 ಮಹಿಳೆಯರ ಅಧ್ಯಯನ ನೋಡಿದೆ: ರೈಬೋಸಿಕ್ಲಿಬ್ ಮತ್ತು ಹಾರ್ಮೋನ್ ಪಡೆದವರಲ್ಲಿ ರೋಗ 21.8 ತಿಂಗಳು ಹಿಡಿತದಲ್ಲಿತ್ತು, ಎರಡು ಔಷಧಿಯ ಕೀಮೋದಲ್ಲಿ 12.8. ನಿಮ್ಮ ಡಾಕ್ಟರು ಹೇಳಿದ್ದು ಸರಿ, ಆದರೆ ಫಿಶ್ ನೆಗೆಟಿವ್ ಆಗಿದ್ದರೆ ಮಾತ್ರ ಸರಿ.

ಇಲ್ಲೇ ಒಂದು ಗುಂಡಿ ಇದೆ. 44 ವಯಸ್ಸು, ಅಂಡಾಶಯ ಕೆಲಸ ಮಾಡುತ್ತಿದೆ. ಲೆಟ್ರೊಜೋಲ್ (ಈಸ್ಟ್ರೊಜನ್ ತಯಾರಿ ತಡೆಯುವ ಮಾತ್ರೆ) ಒಂದನ್ನೇ ಕೊಟ್ಟರೆ ಅಂಡಾಶಯ ಇನ್ನಷ್ಟು ಚುರುಕಾಗಿ ಈಸ್ಟ್ರೊಜನ್ ಸುರಿಯುತ್ತದೆ. ಅಂಡಾಶಯವನ್ನು ಮೊದಲು ಸುಮ್ಮನಾಗಿಸಬೇಕು: ಪ್ರತಿ 28 ದಿನಕ್ಕೆ ಗೊಸೆರೆಲಿನ್ 3.6 ಮಿ.ಗ್ರಾಂ. ಇಂಜೆಕ್ಷನ್, ಇಲ್ಲವೇ ದೂರ್ಬೀನು ಶಸ್ತ್ರಚಿಕಿತ್ಸೆಯಲ್ಲಿ ಎರಡೂ ಅಂಡಾಶಯ ತೆಗೆಯುವುದು. ಹಳ್ಳಿಯಿಂದ ಬರುವವರಿಗೆ, ತಿಂಗಳು ತಿಂಗಳು ಸೂಜಿಯ ಖರ್ಚು ಮತ್ತು ಬಸ್ಸಿನ ದೂರ ನೋಡಿದರೆ, ಎರಡನೆಯದೇ ನನಗೆ ಇಷ್ಟ. ಕೀಮೋ ಆದ ಮೇಲೆ ಮುಟ್ಟು ನಿಂತಿದೆ ಎಂದು ಮೆನೋಪಾಸ್ ಅಂದುಕೊಳ್ಳುವುದು ಪದೇ ಪದೇ ಆಗುವ ಪ್ರಮಾದ. ರಕ್ತದಲ್ಲಿ ಎಸ್ಟ್ರಡಿಯಾಲ್ (ಮುಖ್ಯ ಈಸ್ಟ್ರೊಜನ್) ನೋಡದೆ ಹಾಗೆ ತೀರ್ಮಾನಿಸಬಾರದು.

ಎರಡನೇ ಪ್ರಶ್ನೆ, ಸ್ತನ ತೆಗೆಸುವುದು. ಇದಕ್ಕೆ ಉತ್ತರ ನಮ್ಮ ದೇಶದಲ್ಲೇ ಸಿಕ್ಕಿದೆ. ಮುಂಬೈಯ ಟಾಟಾ ಮೆಮೋರಿಯಲ್‌ನಲ್ಲಿ 2005ರಿಂದ 2013ರವರೆಗೆ, ಮೊದಲ ಪತ್ತೆಯಲ್ಲೇ ಹರಡಿದ್ದ 350 ಮಹಿಳೆಯರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಶಸ್ತ್ರಚಿಕಿತ್ಸೆ ಮತ್ತು ರೇಡಿಯೇಷನ್ ಕೊಟ್ಟರು, ಇನ್ನೊಂದಕ್ಕೆ ಕೊಡಲಿಲ್ಲ. ತೆಗೆಸಿದವರ ಮೀಡಿಯನ್ 19.2 ತಿಂಗಳು, ತೆಗೆಸದವರದು 20.5 ತಿಂಗಳು. ತೆಗೆಸಿದವರಿಗೆ ಒಂದು ದಿನದ ಲಾಭವೂ ಇಲ್ಲ, ಬೇರೆ ಕಡೆಯ ರೋಗ ಮಾತ್ರ ಬೇಗ ಬೆಳೆಯಿತು. ಈ ಮೀಡಿಯನ್ ಇಷ್ಟು ಕಡಿಮೆ ಯಾಕೆ ಎಂದು ಗಾಬರಿಯಾಗಬೇಡಿ. ಅದು ಎಲ್ಲ ಜಾತಿಗಳೂ ಸೇರಿದ, ಈಗಿನ ಮಾತ್ರೆಗಳು ಬರುವ ಮುಂಚಿನ ಕಾಲದ ಲೆಕ್ಕ. ಹರ್-2 ಪಾಸಿಟಿವ್ ಇದ್ದವರಲ್ಲಿ ಬಹುತೇಕರಿಗೆ ಟ್ರಾಸ್ಟುಜುಮಾಬ್ ಸಿಕ್ಕಿರಲಿಲ್ಲ. ಅಮೆರಿಕದ ಇ2108 ಅಧ್ಯಯನದಲ್ಲೂ ಮೂರು ವರ್ಷಕ್ಕೆ ಬದುಕಿದ್ದವರು 68.4% ಮತ್ತು 67.9%, ಅಂದರೆ ಸಮ.

---

ಬೆಣ್ಣೆ_ನಗರಿ:

ಟರ್ಕಿಯ ಅಧ್ಯಯನದಲ್ಲಿ ಲಾಭ ಕಂಡಿತ್ತಲ್ಲ ಸರ್? ಐದು ವರ್ಷಕ್ಕೆ ಬದುಕಿದ್ದವರು ಸರ್ಜರಿ ಆದವರಲ್ಲಿ 41.6%, ಆಗದವರಲ್ಲಿ 24.4%. ಅದನ್ನೇ ತೋರಿಸಿ ಸರ್ಜರಿಗೆ ಒಪ್ಪಿಸುವವರಿದ್ದಾರೆ.

---

ಬೆಟ್ಟದ_ನೆಲ್ಲಿ:

ಕಂಡಿತ್ತು. ಆದರೆ ಅಲ್ಲಿ ಶಸ್ತ್ರಚಿಕಿತ್ಸೆಯ ಗುಂಪಿಗೆ ಹಾರ್ಮೋನ್ ಪಾಸಿಟಿವ್ ಇದ್ದವರು ಹೆಚ್ಚು ಬಿದ್ದಿದ್ದರು, ಟ್ರಿಪಲ್ ನೆಗೆಟಿವ್ ಕಡಿಮೆ. ಮೊದಲೇ ಒಳ್ಳೆಯ ಜಾತಿಯವರು ಒಂದು ಕಡೆ ಸೇರಿದರೆ ಗೆಲುವು ಕತ್ತಿಯದೋ ಜಾತಿಯದೋ ಹೇಳಲಾಗದು. ಮೇಲೆ ಗಾಜಿನ_ಹಲ್ಲೆಯವರು ಹೇಳಿದ್ದೇ ಇಲ್ಲೂ ಕೆಲಸ ಮಾಡಿದೆ. ಗಂಟು ಒಡೆದು ರಕ್ತ ಸೋರುತ್ತಿದ್ದರೆ, ಕೀವಾಗಿ ವಾಸನೆ ಬರುತ್ತಿದ್ದರೆ ತೆಗೆಯುವುದು ಬೇರೆ ಮಾತು, ಅದು ನೆಮ್ಮದಿಗೆ. ಅವಧಿಗೆ ಅಲ್ಲ. ಶಸ್ತ್ರಚಿಕಿತ್ಸೆಯ ಗಾಯ ಮಾಗುವವರೆಗೆ ಔಷಧಿ ಶುರುವಾಗುವುದು ವಾರಗಟ್ಟಲೆ ಮುಂದೆ ಹೋಗುತ್ತದೆ, ಆ ನಷ್ಟವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

---

ಹೇಮಾವತಿ_ದಂಡೆ:

ಎಲ್ಲರಿಗೂ ವಂದನೆ. ಫಿಶ್ ವರದಿ ಬಂತು: ಅನುಪಾತ 1.3, ಹರ್-2 ಜೀನಿನ ಪ್ರತಿಗಳು ಜೀವಕೋಶಕ್ಕೆ ಸರಾಸರಿ 3.1. "ನೆಗೆಟಿವ್" ಎಂದಿದೆ. ಡಾಕ್ಟರು ರೈಬೋಸಿಕ್ಲಿಬ್, ಲೆಟ್ರೊಜೋಲ್, ಗೊಸೆರೆಲಿನ್ ಬರೆದಿದ್ದಾರೆ. ಖರ್ಚು ನೋಡಿ ರೈಬೋ ಬದಲು ಅದೇ ಬಗೆಯ ಪಾಲ್ಬೊಸಿಕ್ಲಿಬ್ ಆಗಬಹುದೇ ಎಂದು ಮನೆಯಲ್ಲಿ ಚರ್ಚೆ. ಮಾತ್ರೆ ಶುರುವಾದ ಮೇಲೆ ಏನೇನು ನೋಡಿಕೊಳ್ಳಬೇಕು?

---

ಔಷಧಿ_ಚೀಟಿ (ಕ್ಲಿನಿಕಲ್ ಫಾರ್ಮಸಿ):

ಅನುಪಾತ 2ಕ್ಕಿಂತ ಕಡಿಮೆ, ಪ್ರತಿಗಳ ಸಂಖ್ಯೆ 4ಕ್ಕಿಂತ ಕಡಿಮೆ, ಹಾಗಾಗಿ ನೆಗೆಟಿವ್ ಖಚಿತ. ಆದರೆ "2+, ಫಿಶ್ ನೆಗೆಟಿವ್" ಎಂಬ ಸಾಲನ್ನು ಜೋಪಾನವಾಗಿಡಿ. ಇದಕ್ಕೆ ಈಗ ಹರ್-2 ಲೋ ಅನ್ನುತ್ತಾರೆ. ಮುಂದೆ ಹಾರ್ಮೋನ್ ಕೈಬಿಟ್ಟು ಕೀಮೋ ಹಂತ ದಾಟಿದಾಗ ಟ್ರಾಸ್ಟುಜುಮಾಬ್ ಡೆರುಕ್ಸ್‌ಟೆಕಾನ್‌ಗೆ ದಾರಿ ಇರುತ್ತದೆ, ಅದು ಹರ್-2 ಹುಡುಕಿಕೊಂಡು ಹೋಗಿ ಕೀಮೋ ತಲುಪಿಸುವ ಔಷಧಿ (ಡೆಸ್ಟಿನಿ-ಬ್ರೆಸ್ಟ್04 ಅಧ್ಯಯನದಲ್ಲಿ ಇಂಥವರ ಮೀಡಿಯನ್ 23.4 ತಿಂಗಳು, ಮಾಮೂಲಿ ಕೀಮೋದಲ್ಲಿ 16.8). 2024ರ ಜುಲೈ ಬಜೆಟ್ಟಿನಲ್ಲಿ ಅದರ ಆಮದು ಸುಂಕ ತೆಗೆದರು, ಆದರೂ ದುಬಾರಿಯೇ.

ರೈಬೋ ಮತ್ತು ಪಾಲ್ಬೊ: ಪ್ರಾಮಾಣಿಕವಾಗಿ ಹೇಳುವುದಾದರೆ ಅವಧಿ ಹೆಚ್ಚಿಸಿದ ಪುರಾವೆ ರೈಬೋಗೆ ಗಟ್ಟಿ ಇದೆ. ಪಾಲ್ಬೊ ರೋಗವನ್ನು ತಡೆದು ನಿಲ್ಲಿಸುವುದರಲ್ಲಿ ಚೆನ್ನಾಗಿದೆ, ಆದರೆ ಪಾಲೋಮಾ-2 ಅಧ್ಯಯನದಲ್ಲಿ ಅವಧಿ ಪಾಲ್ಬೊ ಪಡೆದವರದು 53.9, ಪಡೆಯದವರದು 51.2 ತಿಂಗಳು, ಗಣನೀಯ ವ್ಯತ್ಯಾಸ ಅಲ್ಲ. ಇನ್ನೊಂದು ಕಡೆ, ಪಾಲ್ಬೊಸಿಕ್ಲಿಬ್ ಪೇಟೆಂಟ್ ನಮ್ಮಲ್ಲಿ 2023ರ ಜನವರಿಯಲ್ಲಿ ಮುಗಿದು ಹಲವು ಕಂಪನಿಗಳ ಜೆನೆರಿಕ್ ಬಂದಿವೆ, ಬೆಲೆ ಬಹಳ ಇಳಿದಿದೆ. ನನ್ನ ಅಭಿಪ್ರಾಯ: ರೈಬೋವನ್ನು ಎರಡು ಮೂರು ವರ್ಷ ನಿಲ್ಲಿಸದೆ ಕೊಡಿಸುವ ಶಕ್ತಿ ಇದ್ದರೆ ರೈಬೋ. ನಾಲ್ಕು ತಿಂಗಳು ಒಡವೆ ಅಡವಿಟ್ಟು ಕೊಡಿಸಿ ಆಮೇಲೆ ನಿಲ್ಲಿಸುವ ಹಾಗಿದ್ದರೆ ಮೊದಲ ದಿನದಿಂದಲೇ ಜೆನೆರಿಕ್ ಪಾಲ್ಬೊ. ಔಷಧಿ ಯಾವುದು ಎಂಬಷ್ಟೇ, ಅದು ಮಧ್ಯೆ ತಪ್ಪದೆ ಹೊಟ್ಟೆ ಸೇರಿತೇ ಎಂಬುದೂ ಅವಧಿಯನ್ನು ನಿರ್ಧರಿಸುತ್ತದೆ. ರೈಬೋ ಕಂಪನಿಯ ರೋಗಿ ಸಹಾಯ ಯೋಜನೆ ಇದೆಯೇ ಎಂದು ಆಸ್ಪತ್ರೆಯಲ್ಲಿ ಕೇಳಿ, ಆಮೇಲೆ ನಿರ್ಧರಿಸಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿ.ಪಿ.ಎಲ್. ಕಾರ್ಡಿನವರಿಗೆ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಎ.ಪಿ.ಎಲ್.ನವರಿಗೆ ಪ್ಯಾಕೇಜ್ ದರದ 30%, ಮಿತಿ 1.5 ಲಕ್ಷ. ಪ್ಯಾಕೇಜಿನಲ್ಲಿ ಯಾವ ಔಷಧಿ ಸೇರಿದೆ ಎಂದು ಆಸ್ಪತ್ರೆಯಲ್ಲಿರುವ ಯೋಜನೆಯ ಆರೋಗ್ಯಮಿತ್ರರ ಬಳಿ ಮೊದಲೇ ಕೇಳಿ. ಶುರು ಮಾಡಿಬಿಟ್ಟು ಆಮೇಲೆ ಬಿಲ್ ಹಿಡಿದು ಹೋದರೆ ಕೆಲಸ ಕೆಡುತ್ತದೆ, ಒಪ್ಪಿಗೆ ಮುಂಚೆಯೇ ಆಗಬೇಕು.

ಈಗ ಮಾತ್ರೆಯ ವಿಷಯ. ರೈಬೋಸಿಕ್ಲಿಬ್ 200 ಮಿ.ಗ್ರಾಂ.ನ ಮೂರು ಮಾತ್ರೆ ಒಟ್ಟಿಗೆ, ದಿನಕ್ಕೊಮ್ಮೆ, ಬೆಳಿಗ್ಗೆ. 21 ದಿನ ನುಂಗಿ 7 ದಿನ ಬಿಡುವು. ಲೆಟ್ರೊಜೋಲ್ 2.5 ಮಿ.ಗ್ರಾಂ.ಗೆ ಬಿಡುವಿಲ್ಲ, ಪ್ರತಿದಿನ. ಬಿಡುವಿನ ವಾರದಲ್ಲಿ ಎರಡನ್ನೂ ನಿಲ್ಲಿಸಿಬಿಡುವುದು ನಮ್ಮ ಕೌಂಟರಿನಲ್ಲಿ ಅತಿ ಹೆಚ್ಚು ಕಾಣುವ ಎಡವಟ್ಟು. ಗೋಡೆಯ ಕ್ಯಾಲೆಂಡರಿನಲ್ಲಿ 21 ಚೌಕಕ್ಕೆ ಒಂದು ಗುರುತು, ಎಲ್ಲ ಚೌಕಕ್ಕೂ ಇನ್ನೊಂದು ಗುರುತು ಹಾಕಿಡಿ. ವಾಂತಿಯಾದರೂ ಆ ದಿನ ಮತ್ತೆ ನುಂಗುವುದು ಬೇಡ.

ಪರೀಕ್ಷೆಗಳು: ಶುರುವಿಗೆ ಮುಂಚೆ ಇ.ಸಿ.ಜಿ., ಅದರಲ್ಲಿ ಕ್ಯೂಟಿ (ಹೃದಯ ಪ್ರತಿ ಬಡಿತಕ್ಕೆ ಮತ್ತೆ ಸಜ್ಜಾಗುವ ಸಮಯ) 450 ಮಿಲಿಸೆಕೆಂಡಿಗಿಂತ ಕಡಿಮೆ ಇರಬೇಕು. ಸುಮಾರು 14ನೇ ದಿನ ಮತ್ತೊಮ್ಮೆ. ರಕ್ತಕಣ ಮತ್ತು ಎಲ್.ಎಫ್.ಟಿ. (ಲಿವರ್ ಪರೀಕ್ಷೆ) ಮೊದಲ ಎರಡು ಸುತ್ತಿನಲ್ಲಿ ಎರಡು ವಾರಕ್ಕೊಮ್ಮೆ, ಆಮೇಲೆ ನಾಲ್ಕು ಸುತ್ತಿನವರೆಗೆ ಪ್ರತಿ ಸುತ್ತಿನ ಆರಂಭದಲ್ಲಿ. ಪೊಟ್ಯಾಸಿಯಮ್, ಮೆಗ್ನೀಸಿಯಮ್, ಕ್ಯಾಲ್ಸಿಯಮ್ ಸಹ. ನ್ಯೂಟ್ರೋಫಿಲ್ (ಸೋಂಕು ತಡೆಯುವ ಬಿಳಿ ರಕ್ತಕಣ) 1000ಕ್ಕಿಂತ ಕೆಳಗೆ ಹೋದರೆ ಮಾತ್ರೆ ನಿಲ್ಲಿಸಿ ಕಾಯುತ್ತಾರೆ, ಏರಿದ ಮೇಲೆ ಅದೇ ಡೋಸ್. ಪದೇ ಪದೇ ಆದರೆ, ಅಥವಾ 500ಕ್ಕಿಂತ ಕೆಳಗೆ ಹೋದರೆ, ಅಥವಾ ಜ್ವರ ಜೊತೆಗೂಡಿದರೆ ಡೋಸನ್ನು 400 ಮಿ.ಗ್ರಾಂ.ಗೆ ಇಳಿಸುತ್ತಾರೆ. ಡೋಸ್ ಇಳಿಸಿದವರಲ್ಲೂ ಅವಧಿಯ ಲಾಭ ಉಳಿದಿದೆ, ಅದಕ್ಕೆ ಹೆದರಿ ನ್ಯೂಟ್ರೋಫಿಲ್ ಕಡಿಮೆ ಇದ್ದಾಗಲೂ ನುಂಗಿಸುವ ಸಾಹಸ ಬೇಡ. ಇದು ಕೀಮೋದ ಹಾಗೆ ಮಜ್ಜೆಯನ್ನು ಸುಡುವುದಿಲ್ಲ, ಒಂದು ವಾರ ಬಿಟ್ಟರೆ ತಾನೇ ಏರುತ್ತದೆ.

ಬೇರೆ ಔಷಧಿಗಳ ಜೊತೆ ಜಗಳ: ವಾಂತಿಗೆ ಒಂಡಾನ್ಸೆಟ್ರಾನ್, ಡೊಂಪೆರಿಡೋನ್, ನೆಗಡಿ ಕೆಮ್ಮಿಗೆ ಅಜಿತ್ರೊಮೈಸಿನ್, ಉರಿಮೂತ್ರಕ್ಕೆ ಲಿವೊಫ್ಲಾಕ್ಸಸಿನ್, ಫಂಗಸ್‌ಗೆ ಫ್ಲುಕೊನಜೋಲ್. ಊರಿನ ಮೆಡಿಕಲ್ ಶಾಪಿನಲ್ಲಿ ಕೇಳದೆಯೇ ಕೈಗೆ ಸಿಗುವ ಇವೆಲ್ಲ ಕ್ಯೂಟಿ ಉದ್ದ ಮಾಡುವಂಥವು, ರೈಬೋ ಜೊತೆ ಸೇರಿದರೆ ಹೃದಯದ ಲಯ ತಪ್ಪಬಹುದು. ಟಿ.ಬಿ.ಗೆ ಕೊಡುವ ರಿಫಾಂಪಿಸಿನ್, ಫಿಟ್ಸಿಗೆ ಕೊಡುವ ಫೆನಿಟೊಯಿನ್, ಕಾರ್ಬಮಜಪಿನ್ ಇದಕ್ಕೆ ಉಲ್ಟಾ: ರೈಬೋ ಪಾಲ್ಬೊ ಎರಡನ್ನೂ ರಕ್ತದಿಂದ ಬೇಗ ಹೊರಹಾಕುತ್ತವೆ, ಮಾತ್ರೆ ನುಂಗಿದ್ದೂ ದಂಡ. ಗ್ರೇಪ್‌ಫ್ರೂಟ್ ಬೇಡ ಎಂದು ಡಬ್ಬಿಯ ಮೇಲಿರುತ್ತದೆ, ನಮ್ಮ ಚಕ್ಕೋತ ಅದರ ದಾಯಾದಿ. ದೇವನಹಳ್ಳಿ ಕಡೆಯವರು ಸೀಸನ್ನಿನಲ್ಲಿ ಅದನ್ನೂ ಬಿಡಿ. ಮೂಸಂಬಿ ಪರವಾಗಿಲ್ಲ.

ಪಾಲ್ಬೊ ಆದರೆ 125 ಮಿ.ಗ್ರಾಂ., ಇದೇ 21/7 ಲೆಕ್ಕ, ಕ್ಯಾಪ್ಸೂಲ್ ಆದರೆ ಊಟದ ಜೊತೆ. ಇ.ಸಿ.ಜಿ. ಗೋಳು ಇಲ್ಲ.

ಒಂದು ರಕ್ತಪರೀಕ್ಷೆ ಬಿಟ್ಟುಹೋಗಿದೆ: ಬಿ.ಆರ್.ಸಿ.ಎ. (ವಂಶದಲ್ಲಿ ಬರುವ ಜೀನ್ ದೋಷ). ರೋಗ 44ನೇ ವಯಸ್ಸಿಗೆ ಬಂದಿದೆ, ಹರ್-2 ನೆಗೆಟಿವ್. ಪಾಸಿಟಿವ್ ಇದ್ದರೆ ಮುಂದೊಂದು ಹಂತದಲ್ಲಿ ಒಲಾಪರಿಬ್ ಕೊಡಬಹುದು, ಅವರ ಮಕ್ಕಳು, ಅಕ್ಕತಂಗಿಯರು ತಪಾಸಣೆ ಮಾಡಿಸಿಕೊಳ್ಳಬೇಕಾಗುತ್ತದೆ.

---

ಮಲ್ಲಿಗೆ_ವಾರ್ಡು (ಉಪಶಮನ ಆರೈಕೆ, ನರ್ಸಿಂಗ್):

ಔಷಧಿ ವಿಚಾರ ಎಲ್ಲ ಬಂತು. ನಾನು ನೋಡಿದ್ದು ಡಿ9, ಎಲ್3 ಅಂತ ಬರೆದಿರೋದು. ಇದು ಯಾರೂ ಮಾತಾಡದ ಜಾಗ.

ಬೆನ್ನುಮೂಳೆ ಕುಸಿದು ಹುರಿ ಒತ್ತಿಹೋದರೆ ಕಾಲು ಹೋಗುತ್ತೆ, ಹಾಸಿಗೆ ಹಿಡಿದ ಮೇಲೆ ಅವಧಿಯೂ ತಗ್ಗುತ್ತೆ. ಲಕ್ಷಣ ಕೇಳಿ: ಮಲಗಿದಾಗ, ಕೆಮ್ಮಿದಾಗ ಜಾಸ್ತಿಯಾಗೋ ನೋವು, ಎದೆ ಸುತ್ತ ಪಟ್ಟಿ ಬಿಗಿದ ಹಾಗೆ ಅನ್ನಿಸೋದು, ಮೆಟ್ಟಿಲು ಹತ್ತುವಾಗ ಕಾಲು ಸೋಲೋದು, ಕೂತಲ್ಲಿಂದ ಏಳೋಕೆ ಕೈ ಊರಬೇಕಾಗೋದು, ಕೊನೆಗೆ ಮೂತ್ರ ಕಟ್ಟೋದು. ಮೂತ್ರದ ತನಕ ಕಾಯಬೇಡಿ. ಕಾಲು ಸೋತ ದಿನವೇ ಆಸ್ಪತ್ರೆಗೆ ಹೋಗಿ, ಇಡೀ ಬೆನ್ನಿನ ಎಂ.ಆರ್.ಐ. 24 ಗಂಟೆಯೊಳಗೆ ಆಗಬೇಕು, ಡಾಕ್ಟರು ಡೆಕ್ಸಾಮೆಥಾಸೋನ್ 16 ಮಿ.ಗ್ರಾಂ. ಶುರು ಮಾಡ್ತಾರೆ, ಆಮೇಲೆ ರೇಡಿಯೇಷನ್ನೋ ಆಪರೇಷನ್ನೋ. ನಡೆದುಕೊಂಡು ಬಂದವರು ಹೆಚ್ಚಾಗಿ ನಡೆದುಕೊಂಡೇ ಹೋಗ್ತಾರೆ, ಎತ್ತಿಕೊಂಡು ತಂದವರು ಎದ್ದು ನಡೆಯೋದು ಕಡಿಮೆ. ಸೋಮವಾರ ಒ.ಪಿ.ಡಿ.ಗೆ ಹೋದರಾಯ್ತು ಅಂತ ಶುಕ್ರವಾರ ಮಲಗಿಸೋದು ಬೇಡ. ಬೆನ್ನುನೋವಿಗೆ ಎಣ್ಣೆ ಹಚ್ಚಿ ತೀಡಿಸೋದು, ಮೂಳೆ ಕೂರಿಸೋರ ಹತ್ತಿರ ಹೋಗೋದು ಪೂರ್ತಿ ನಿಲ್ಲಬೇಕು. ಸೊಂಟದ ಮಚ್ಚೆ ತೊಡೆಮೂಳೆಯ ಕುತ್ತಿಗೆಯಲ್ಲಿದೆಯೇ ಅಂತ ಎಲುಬಿನ ಡಾಕ್ಟರಿಗೆ ಒಂದು ಸಲ ಫಿಲ್ಮ್ ತೋರಿಸಿ. ಮುರಿಯೋ ಮುಂಚೆ ರಾಡ್ ಹಾಕೋದು ಸುಲಭ.

ಮೂಳೆಗೆ ಜೋಲೆಡ್ರಾನಿಕ್ ಆ್ಯಸಿಡ್ 4 ಮಿ.ಗ್ರಾಂ., 15 ನಿಮಿಷಕ್ಕಿಂತ ಬೇಗ ಓಡಿಸಬಾರದು. ತಿಂಗಳಿಗೊಮ್ಮೆ ಕೊಡೋದಕ್ಕೂ ಮೂರು ತಿಂಗಳಿಗೊಮ್ಮೆ ಕೊಡೋದಕ್ಕೂ ಮೂಳೆ ಮುರಿತದಲ್ಲಿ ವ್ಯತ್ಯಾಸ ಕಂಡಿಲ್ಲ, ಮೂರು ತಿಂಗಳಿಗೆ ಕೇಳಿ. ಪ್ರತಿ ಸಲ ಮುಂಚೆ ಕ್ರಿಯಾಟಿನಿನ್. ಮೊದಲ ಸೂಜಿಗೆ ಮುಂಚೆ ಹಲ್ಲಿನ ಡಾಕ್ಟರು: ಕೀಳೋ ಹಲ್ಲು ಇದ್ದರೆ ಆಗಲೇ ಕೀಳಿಸಿ, ಶುರುವಾದ ಮೇಲೆ ಕಿತ್ತರೆ ದವಡೆ ಮೂಳೆ ಕೊಳೆಯೋ ಭಯ. ಕ್ಯಾಲ್ಸಿಯಮ್, ವಿಟಮಿನ್ ಡಿ ಜೊತೆಗಿರಲಿ. ಇದು ಆಯುಸ್ಸು ಕೊಡೋ ಔಷಧಿ ಅಲ್ಲ, ಮುರಿತ ತಪ್ಪಿಸೋ ಔಷಧಿ.

ಜ್ವರ 100.4 ದಾಟಿದರೆ ಪ್ಯಾರಾಸಿಟಮಾಲ್ ನುಂಗಿಸಿ ಬೆಳಿಗ್ಗೆ ತನಕ ಕಾಯಬೇಡಿ, ರಾತ್ರಿಯೇ ರಕ್ತಕಣ ನೋಡಿಸಿ. ವಿಪರೀತ ಬಾಯಾರಿಕೆ, ಮಲಬದ್ಧತೆ, ಮಂಕು, ತಲೆ ಕೆಟ್ಟ ಹಾಗೆ ಮಾತು, ಇವು ಕ್ಯಾಲ್ಸಿಯಮ್ ಏರಿದ್ದರ ಗುರುತು, ಅದೂ ಅದೇ ದಿನದ ಕೆಲಸ.

ಇದೆಲ್ಲ ಬರೀ ಆರೈಕೆ, ಅವಧಿಗೂ ಇದಕ್ಕೂ ಏನು ಸಂಬಂಧ ಅನ್ನೋರಿಗೆ: ಅಮೆರಿಕದಲ್ಲಿ ಸ್ತನ ಕ್ಯಾನ್ಸರ್ ಸೇರಿ ಹರಡಿದ ಕ್ಯಾನ್ಸರಿನ 766 ಜನರ ಮೇಲೆ ನೋಡಿದ್ದಾರೆ. ಒಂದು ಗುಂಪಿನವರು ತಮ್ಮ ತೊಂದರೆಗಳನ್ನ ನಿಯಮಿತವಾಗಿ ಕಂಪ್ಯೂಟರಿನಲ್ಲಿ ತುಂಬುತ್ತಿದ್ದರು, ಜೋರಾದರೆ ನರ್ಸಿಗೆ ಸಂದೇಶ ಹೋಗ್ತಿತ್ತು. ಅಷ್ಟಕ್ಕೇ ಮೀಡಿಯನ್ 31.2 ತಿಂಗಳು, ಮಾಮೂಲಿ ಗುಂಪಿನದು 26. ಇಲ್ಲಿ ಕಂಪ್ಯೂಟರ್ ಬೇಡ, ಒಂದು ನೋಟ್‌ಬುಕ್ ಸಾಕು: ವಾರಕ್ಕೊಮ್ಮೆ ತೂಕ, ನೋವಿಗೆ ಹತ್ತರಲ್ಲಿ ಎಷ್ಟು ಅಂಕ, ಊಟ ಎಷ್ಟು, ಭೇದಿ, ಉಬ್ಬಸ. ವಾರ್ಡಿನ ಫೋನ್ ನಂಬರ್ ಮೊದಲ ಪುಟದಲ್ಲಿ. ನೋವಿಗೆ ಮಾರ್ಫಿನ್ ಬರೆದರೆ "ಕೊನೆ ಬಂತು" ಅಂತ ಅಡಗಿಸಿಡಬೇಡಿ. ನೋವು ಇಳಿದವರು ಉಣ್ತಾರೆ, ಓಡಾಡ್ತಾರೆ. ಅದರ ಜೊತೆ ಮಲಬದ್ಧತೆಗೆ ಔಷಧಿ ಮೊದಲ ದಿನದಿಂದಲೇ ಇರಲಿ.

---

ಹೇಮಾವತಿ_ದಂಡೆ:

ಇದನ್ನು ಪ್ರಿಂಟ್ ತೆಗೆದು ಅಣ್ಣನ ಕೈಗೆ ಕೊಟ್ಟಿದ್ದೇನೆ. ಕೊನೆಯದಾಗಿ ಎರಡು. ಸಿ.ಎ. 15-3 (ಗಡ್ಡೆಯ ಸೂಚಕ ನೋಡುವ ರಕ್ತಪರೀಕ್ಷೆ) ಪ್ರತಿ ತಿಂಗಳು ಮಾಡಿಸಬೇಕೇ? ಅಶ್ವಗಂಧ, ಅರಿಶಿನದ ಕ್ಯಾಪ್ಸೂಲ್ ಕೊಡುತ್ತಿದ್ದಾರೆ, ಮುಂದುವರಿಸಬಹುದೇ?

---

ಬೆಟ್ಟದ_ನೆಲ್ಲಿ:

ಸಿ.ಎ. 15-3 ಒಂದನ್ನೇ ನೋಡಿ ಔಷಧಿ ಬದಲಿಸುವ ಹಾಗಿಲ್ಲ. ಔಷಧಿ ಕೆಲಸ ಮಾಡುತ್ತಿದ್ದಾಗಲೂ ಮೊದಲ ನಾಲ್ಕಾರು ವಾರದಲ್ಲಿ ಅದು ಏರಬಹುದು. ಮೂಳೆಯ ಸ್ಕ್ಯಾನೂ ಹಾಗೇ, ಮಾಗುತ್ತಿರುವ ಮೂಳೆ ಮೊದಲ ಮೂರು ತಿಂಗಳು ಇನ್ನಷ್ಟು ಹೊಳೆದು "ಹೊಸ ಮಚ್ಚೆ" ಎಂದು ವರದಿಯಾಗುತ್ತದೆ. ಲಿವರ್ ಮಚ್ಚೆ ಕುಗ್ಗುತ್ತಿದ್ದು, ನೋವು ಇಳಿಯುತ್ತಿದ್ದು, ಮೂಳೆ ಮಾತ್ರ ಹೊಳೆದಿದ್ದರೆ ಔಷಧಿ ಮುಂದುವರಿಸಿ, ಎಂಟು ವಾರ ಬಿಟ್ಟು ಮತ್ತೆ ನೋಡಿ. ಚೆನ್ನಾಗಿ ಕೆಲಸ ಮಾಡುತ್ತಿದ್ದ ಮಾತ್ರೆಯನ್ನು ಈ ಗಾಬರಿಯಲ್ಲಿ ಬಿಟ್ಟರೆ ಒಂದು ಅಸ್ತ್ರ ವ್ಯರ್ಥವಾದ ಹಾಗೆ. ನಿಜಕ್ಕೂ ಬೆಳೆದಾಗ ಪಿಐಕೆ3ಸಿಎ ಮತ್ತು ಇಎಸ್ಆರ್1 ಎಂಬ ಜೀನ್‌ಗಳ ಪರೀಕ್ಷೆ ಕೇಳಿ. ಎರಡನೆಯದು ಲೆಟ್ರೊಜೋಲ್ ನುಂಗುತ್ತಾ ಹುಟ್ಟಿಕೊಳ್ಳುವ ಬದಲಾವಣೆ, ಆದ್ದರಿಂದ ಈಗಿನ ಬ್ಲಾಕಿನಲ್ಲಿ ಸಿಗುವುದು ಅಪರೂಪ, ಆಗಿನ ರಕ್ತದಲ್ಲಿ ನೋಡಬೇಕು.

---

ಔಷಧಿ_ಚೀಟಿ:

ಸಾರಿಗೆ ಹಾಕುವ ಅರಿಶಿನ ಇರಲಿ, ಕ್ಯಾಪ್ಸೂಲ್ ನಿಲ್ಲಿಸಿ. ಅಶ್ವಗಂಧವೂ ಬೇಡ. ಎರಡರಿಂದಲೂ ಲಿವರ್ ಕೆಟ್ಟ ವರದಿಗಳಿವೆ, ರೈಬೋ ಕೂಡ ಲಿವರ್ ಎಂಜೈಮ್ ಏರಿಸಬಲ್ಲದು, ಅತ್ತಿಗೆಯವರ ಲಿವರ್‌ನಲ್ಲಿ ರೋಗವೂ ಇದೆ. 15ನೇ ದಿನ ಎ.ಎಲ್.ಟಿ. (ಲಿವರ್ ಎಂಜೈಮ್) ಐದು ಪಟ್ಟು ಏರಿ ಬಂದರೆ ಮೂರರಲ್ಲಿ ಯಾವುದರಿಂದ ಎಂದು ಯಾರೂ ಹೇಳಲಾರರು, ಆಗ ಡಾಕ್ಟರು ನಿಲ್ಲಿಸುವುದು ರೈಬೋವನ್ನೇ. ಕೂದಲಿಗೆಂದು ಬಯೋಟಿನ್ ತಗೊಳ್ಳುತ್ತಿದ್ದರೆ ಅದನ್ನೂ ಹೇಳಿ, ಕೆಲವು ಲ್ಯಾಬ್ ಯಂತ್ರಗಳಲ್ಲಿ ಅದು ಎಸ್ಟ್ರಡಿಯಾಲ್ ಅಂಕಿಯನ್ನು ತಪ್ಪಾಗಿ ತೋರಿಸುತ್ತದೆ. ಗೊಸೆರೆಲಿನ್ ಕೆಲಸ ಮಾಡುತ್ತಿದೆಯೇ ಎಂದು ನೋಡುವ ಪರೀಕ್ಷೆಯೇ ಅದು. ಸ್ಯಾಂಪಲ್ ಕೊಡುವ ಮೂರು ದಿನ ಮುಂಚೆ ಬಿಟ್ಟಿರಲಿ.